ಗಿಡ ಸಾವಿರವಾಗಲಿ, ತಾಯಿಮರ ಒಂದೇ ಆಗದಿರಲಿ

ಮುಂಗಾರು ಸಮೀಪಿಸುತ್ತಿದ್ದಂತೆ ನಮ್ಮ ನಾಡಿನಲ್ಲಿ ಸಸಿಗಳ ಮಾತು ಕೇಳಿಬರತೊಡಗುತ್ತದೆ. ಸಸ್ಯಕ್ಷೇತ್ರಗಳಲ್ಲಿ ಕಪ್ಪು ಚೀಲಗಳು ಸಾಲುಸಾಲಾಗಿ ನಿಲ್ಲುತ್ತವೆ. ಜೂನ್ 5ರ ಪರಿಸರ ದಿನಕ್ಕೆಂದು ಶಾಲೆಯ ಅಂಗಳಗಳಲ್ಲಿ ಗುಂಡಿ ತೋಡುತ್ತಾರೆ. ಎಷ್ಟು ಸಾವಿರ ಗಿಡ ನೆಟ್ಟೆವೆಂಬ ವರದಿಗಳು ಪತ್ರಿಕೆಗಳಿಗೆ ಹೋಗುತ್ತವೆ. ಈ ಎಲ್ಲ ಲೆಕ್ಕಗಳ ನಡುವೆ ಒಂದು ಪ್ರಶ್ನೆ ಮಾತ್ರ ಪ್ರತಿವರ್ಷವೂ ಉಳಿದುಹೋಗುತ್ತದೆ: ಆ ಗಿಡ ಯಾವ ಮರದ ಸಂತಾನ? ಅದರ ತಾಯಿ ಎಲ್ಲಿ ನಿಂತಿದೆ? ಎಂಥ ಮಣ್ಣಿನಲ್ಲಿ, ಎಷ್ಟು ಬರಗಾಲಗಳನ್ನು ಕಂಡು ಉಳಿದಿದೆ? ಹಸುವನ್ನು ಕೊಳ್ಳುವಾಗ ತಾಯಿಯ ಹಾಲಿನ ಬಗ್ಗೆ ವಿಚಾರಿಸುವ ನಾವು, ನೂರು ವರ್ಷ ನಿಲ್ಲಬೇಕಾದ ಮರವನ್ನು ಮಾತ್ರ ಅದರ ಕುಲಗೋತ್ರ ಕೇಳದೆ ನೆಟ್ಟುಬಿಡುತ್ತೇವೆ.

ಈ ಪ್ರಶ್ನೆ ಈಗ ಹಿಂದೆಂದಿಗಿಂತ ಹೆಚ್ಚು ಮುಖ್ಯವಾಗಿದೆ. ಬೀಜದಿಂದ ಗಿಡ ಮಾಡುವ ಕಾಲದಲ್ಲಿ ತಾಯಿಮರವನ್ನು ಮರೆತರೂ ಪ್ರಕೃತಿ ಅಷ್ಟಿಷ್ಟು ಕಾಪಾಡುತ್ತಿತ್ತು, ಏಕೆಂದರೆ ಒಂದೇ ಮರದ ನೂರು ಬೀಜಗಳಲ್ಲಿ ನೂರು ಬಗೆಯ ಗಿಡಗಳಿರುತ್ತವೆ. ಈಗ ಕಾಂಡದ ತುಂಡಿನಿಂದಲೂ ಅಂಗಾಂಶ ಕೃಷಿಯಿಂದಲೂ ಒಂದೇ ಮರದ ಸಾವಿರಾರು ತದ್ರೂಪಿಗಳನ್ನು ಮಾಡುವ ವಿದ್ಯೆ ಕೈಗೆ ಬಂದಿದೆ. ಒಳ್ಳೆಯ ತಾಯಿಯನ್ನು ಆರಿಸಿದರೆ ಒಳಿತು ಸಾವಿರ ಪಾಲಾಗುತ್ತದೆ. ತಪ್ಪು ತಾಯಿಯನ್ನು ಆರಿಸಿದರೆ ತಪ್ಪೂ ಸಾವಿರ ಪಾಲಾಗುತ್ತದೆ. ಒಣಭೂಮಿಯ ಮರಗಳ ವಿಷಯದಲ್ಲಿ ಈ ವಿದ್ಯೆಯನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು, ಬಳಸುವ ಅಧಿಕಾರ ಯಾರದು ಎಂಬುದನ್ನು ನಮ್ಮ ಬೆಟ್ಟದ ಹಳ್ಳಿಗಳ ಬಂಧುಗಳೂ ವಿದ್ಯಾರ್ಥಿ ಮಿತ್ರರೂ ಒಟ್ಟಿಗೆ ಕೂತು ಯೋಚಿಸಬೇಕಾಗಿದೆ.

ಮೈಸೂರಿನ ದಕ್ಷಿಣದ ಅಂಚಿನಲ್ಲಿರುವ ಶ್ರೀರಾಂಪುರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಕೆರೆ ಅದರ ಮಗ್ಗುಲಲ್ಲೇ ಇದೆ. ಪೂರ್ವಕ್ಕೆ ಕಣ್ಣು ಹಾಯಿಸಿದರೆ ಚಾಮುಂಡಿ ಬೆಟ್ಟ. ವರ್ಷಕ್ಕೆ ಸುಮಾರು 800 ಮಿ.ಮೀ. ಆಸುಪಾಸು ಮಳೆ ಬೀಳುವ ಈ ಸೀಮೆ ಹೊಂಗೆ, ಬೇವು, ಹುಣಸೆ, ಹಿಪ್ಪೆ, ಮುತ್ತುಗ, ಕಗ್ಗಲಿ, ಶ್ರೀಗಂಧಗಳ ನೆಲ. ಹೊಲಗಳಿದ್ದ ಕಾಲದಲ್ಲಿ ಈ ಮರಗಳ ಸ್ಥಾನ ಬದುವಿನ ಮೇಲಿತ್ತು. ಹೊಂಗೆಯ ಸೊಪ್ಪು ಗದ್ದೆಗೆ, ಎಣ್ಣೆ ದೀಪಕ್ಕೆ, ಹಿಂಡಿ ಹೊಲಕ್ಕೆ, ನೆರಳು ದನಕ್ಕೂ ದಣಿದವರಿಗೂ ಸಲ್ಲುತ್ತಿತ್ತು. ಹೊಲಗಳು ಬಡಾವಣೆಗಳಾದಾಗ ಬದುಗಳು ಅಳಿಸಿಹೋಗುತ್ತವೆ. ಬದು ಹೋದರೆ ಬದುವಿನ ಮರವೂ ಹೋಗುತ್ತದೆ. ಅದರ ಜಾಗದಲ್ಲಿ ರಸ್ತೆ ಬದಿಗೆ ಬರುವುದು ಹೂವಿನ ಚೆಲುವಿಗಾಗಿ ತಂದ ಹೊರನಾಡಿನ ಮರಗಳು. 2025ರ ಏಪ್ರಿಲ್ ತಿಂಗಳಲ್ಲಿ ಮೈಸೂರಿನ ಹೈದರಾಲಿ ರಸ್ತೆಯಲ್ಲಿ 40 ಮರಗಳನ್ನು ಕಡಿದಾಗ ನಾಗರಿಕರು ದುಃಖಿಸಿದರು, ಪ್ರತಿಭಟಿಸಿದರು. ಬದುವಿನ ಹೊಂಗೆಯೊಂದು ಉರುಳಿದಾಗ ಪ್ರತಿಭಟಿಸಲು ಯಾರೂ ಇರುವುದಿಲ್ಲ. ಆದರೆ ಬೀಜದ ದೃಷ್ಟಿಯಿಂದ ನೋಡಿದರೆ ಆ ನಷ್ಟ ಚಿಕ್ಕದಲ್ಲ: ಆ ಮಣ್ಣಿಗೆ, ಆ ಮಳೆಗೆ ತಲೆಮಾರುಗಳಿಂದ ಒಗ್ಗಿದ ಒಂದು ತಾಯಿ ಅಲ್ಲಿ ಇಲ್ಲವಾಗಿರುತ್ತದೆ. ಇಂದು ಶ್ರೀರಾಂಪುರಕ್ಕೆ ಆದದ್ದು ನಾಳೆ ಬೆಟ್ಟದ ಬುಡದ ಹಳ್ಳಿಗಳಿಗೂ ಆಗಬಹುದು. ಆದ್ದರಿಂದ ಇರುವ ತಾಯಿಮರಗಳಿಂದ ಗಿಡ ಮಾಡಿಕೊಳ್ಳುವ ಕೆಲಸ ಮುಂದಕ್ಕೆ ಹಾಕುವಂಥದ್ದಲ್ಲ.

ಕಾಂಡದ ತುಂಡಿನಿಂದ ಮರ ಮಾಡುವುದು ಪ್ರಯೋಗಾಲಯದಿಂದ ಬಂದ ವಿದ್ಯೆಯಲ್ಲ. ಆಲ, ಅರಳಿ, ಅತ್ತಿ, ಬಸರಿ, ಗೋಣಿಗಳ ತೋಳುಗಾತ್ರದ ಕೊಂಬೆಯನ್ನು ಆಳೆತ್ತರಕ್ಕೆ ಕಡಿದು, ಮೇಲ್ತುದಿಗೆ ಸಗಣಿ ಮೆತ್ತಿ, ಮಳೆಯ ಮುಂಚೆ ಗೂಟದಂತೆ ನೆಡುವುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಚಿಕ್ಕ ಸಸಿಯನ್ನು ನೆಟ್ಟರೆ ಆಡು ಮೇಯುತ್ತದೆ. ಆಳೆತ್ತರದ ಗೂಟದ ತುದಿಯಲ್ಲಿ ಒಡೆಯುವ ಚಿಗುರು ಆಡಿನ ಬಾಯಿಗೆ ಎಟುಕುವುದಿಲ್ಲ. ಬೇಲಿ ಕಟ್ಟುವ ಖರ್ಚಿಲ್ಲದೆ ಸಾಲುಮರ ಬೆಳೆಸಿದ ಜಾಣ್ಮೆ ಇದು. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು 4 ಕಿಲೋಮೀಟರ್ ದಾರಿಯಲ್ಲಿ 385 ಆಲದ ಮರಗಳನ್ನು ಪತಿಯೊಡನೆ ಬೆಳೆಸಿದ ಸಾಲುಮರದ ತಿಮ್ಮಕ್ಕನವರು ಊರಿನ ಆಲದ ಮರಗಳಿಂದಲೇ ಗಿಡ ಮಾಡಿಕೊಂಡವರು. ದೂರದಿಂದ ನೀರು ಹೊತ್ತು ತಂದು ಅವನ್ನು ಸಾಕಿದವರು. 2025ರ ನವೆಂಬರ್ 14ರಂದು ಅವರು ತೀರಿಕೊಂಡರು. ಅವರ ಹೆಸರಿನಲ್ಲಿ ಗಿಡ ನೆಡುವವರು ಅವರ ಎರಡು ಪಾಠಗಳನ್ನೂ ನೆನೆಯಬೇಕು: ಗಿಡ ಹತ್ತಿರದ ಮರದಿಂದ ಬರಬೇಕು, ನೆಟ್ಟ ಮೇಲೆ ನೀರು ಹೊರಬೇಕು.

ಎಲ್ಲ ಮರವೂ ಆಲದಂತೆ ಉದಾರಿಯಲ್ಲ. ನುಗ್ಗೆ, ಹಾಲುವಾಣ, ಗೊಬ್ಬರದ ಗಿಡ, ಕಳ್ಳಿ ಇವು ಮಣ್ಣಿಗೆ ತಾಗಿದರೆ ಸಾಕು, ಬೇರು ಬಿಡುತ್ತವೆ. ಹೊಂಗೆಯೂ ಸಾಕಷ್ಟು ಸುಲಭವಾಗಿ ಬೇರೂರುತ್ತದೆ. ಬೇವು ಬೇರು ಚೋದಕದ ಪುಡಿಯ ನೆರವು ಕೇಳುತ್ತದೆ. ಹುಣಸೆ ಕಡ್ಡಿಯಿಂದ ಬರುವುದು ಕಷ್ಟ. ಅದಕ್ಕೆ ಕಸಿಯೇ ದಾರಿ. ಶ್ರೀಗಂಧ ಕಡ್ಡಿಗೆ ಒಲಿಯುವುದು ಬಹಳ ಕಡಿಮೆ. ಕಾಡಿನಲ್ಲಿ ಅದು ಬೀಜದಿಂದಲೂ ಬೇರಿನ ಮೇಲೆ ಏಳುವ ಮರಿಗಿಡಗಳಿಂದಲೂ ಹಬ್ಬುತ್ತದೆ.

ಹೊಂಗೆಯ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಪಯುಕ್ತ. ಹೊಸ ಚಿಗುರು ಒಡೆಯುವ ಮೊದಲು, ಹಿಂದಿನ ವರ್ಷದ ಬೆಳವಣಿಗೆಯ, ಹೆಬ್ಬೆರಳಿಗಿಂತ ತುಸು ತೆಳುವಾದ ಕೊಂಬೆಗಳನ್ನು ಆರಿಸಿ ಒಂದು ಗೇಣು ಉದ್ದದ ತುಂಡು ಮಾಡಬೇಕು. ಪ್ರತಿ ತುಂಡಿನಲ್ಲಿ ಎರಡು ಮೂರು ಗಿಣ್ಣುಗಳಿರಬೇಕು. ಕೆಳಗಿನ ಕಡಿತ ಗಿಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿಯೂ ಮೇಲಿನದು ನೇರವಾಗಿಯೂ ಇದ್ದರೆ ತಲೆಕೆಳಗಾಗಿ ನೆಡುವ ತಪ್ಪು ಆಗದು. ಎಲೆ ತೆಗೆದು, ಮರಳು ಬೆರೆಸಿದ ಸಡಿಲ ಮಣ್ಣಿನಲ್ಲಿ ಮೂರರಲ್ಲಿ ಎರಡು ಭಾಗ ಹೂತು, ನೆರಳಿನಲ್ಲಿಟ್ಟು ತೇವ ಕಾಯಬೇಕು. ನೀರು ನಿಂತರೆ ಕೊಳೆಯುತ್ತದೆ, ಒಣಗಿದರೆ ಸಾಯುತ್ತದೆ. ಚಿಗುರು ಕಂಡೊಡನೆ ಬೇರು ಬಂತೆಂದು ಹಿಗ್ಗಬಾರದು. ಕಡ್ಡಿಯಲ್ಲಿ ಕೂಡಿಟ್ಟ ಆಹಾರದ ಬಲದಿಂದಲೇ ಚಿಗುರು ಮೊದಲು ಬರುವುದುಂಟು. ಇನ್ನೊಂದು ಗುಟ್ಟು: ಮುದಿ ಮರದ ತುದಿಗೊಂಬೆಗಿಂತ, ಕಡಿದ ಬುಡದಿಂದ ಚಿಮ್ಮಿದ ಎಳೆಯ ಚಿಗುರುಗೋಲು ಬಹಳ ಸುಲಭವಾಗಿ ಬೇರೂರುತ್ತದೆ. ಮರಕ್ಕೂ ಎಳೆತನವೆಂಬುದಿದೆ, ಅದು ಬುಡದಲ್ಲಿ ಉಳಿದಿರುತ್ತದೆ.

ಅಂಗಾಂಶ ಕೃಷಿ ಇದೇ ತತ್ವದ ಮುಂದುವರಿಕೆ. ಗಿಡದ ಒಂದೊಂದು ಜೀವಕೋಶಕ್ಕೂ ಇಡೀ ಗಿಡವಾಗುವ ಶಕ್ತಿ ಇದೆಯೆಂಬ ಕಲ್ಪನೆಯಿಂದ ಗಾಟ್ಲೀಬ್ ಹಾಬರ್ಲಾಂಟ್ ಎಂಬ ವಿಜ್ಞಾನಿ 1902ರಲ್ಲಿ ಬಿಡಿ ಕೋಶಗಳನ್ನು ಬೆಳೆಸಲು ಯತ್ನಿಸಿದರು. ತೋಶಿಯೊ ಮುರಾಶಿಗೆ ಮತ್ತು ಫೋಕ್ ಸ್ಕೂಗ್ 1962ರಲ್ಲಿ ಪ್ರಕಟಿಸಿದ ಪೋಷಕ ದ್ರಾವಣ ಇಂದಿಗೂ ಪ್ರಯೋಗಾಲಯಗಳ ಮೂಲ ಪಾಕ. ಒಂದು ಮೊಗ್ಗನ್ನು ತೊಳೆದು, ರೋಗಾಣುಗಳಿಲ್ಲದಂತೆ ಮಾಡಿ, ಸಕ್ಕರೆ, ಲವಣ, ಚೋದಕಗಳನ್ನು ಬೆರೆಸಿದ ಹೆಪ್ಪಿನ ಮೇಲೆ ಗಾಜಿನ ಸೀಸೆಯಲ್ಲಿಡುತ್ತಾರೆ. ಅದು ಕವಲೊಡೆದಾಗ ಬಿಡಿಸಿ ಬೇರೆ ಬೇರೆ ಸೀಸೆಗಳಿಗೆ ಹಂಚುತ್ತಾರೆ. ತಿಂಗಳಿಗೊಮ್ಮೆ ಒಂದು ಮೂರಾಗುತ್ತದೆಂದು ಇಟ್ಟುಕೊಂಡರೆ ಹತ್ತನೆಯ ತಿಂಗಳ ಕೊನೆಗೆ ಲೆಕ್ಕದ ಪ್ರಕಾರ 59,049 ಚಿಗುರುಗಳು! ಲೆಕ್ಕ ಹೀಗೆ ಹೇಳಿದರೂ ಮುಂದಿನ ದಾರಿ ಸುಲಭದ್ದಲ್ಲ. ಬೇರು ಬರಿಸಬೇಕು, ಸೀಸೆಯ ತೇವದ ಗಾಳಿಯಲ್ಲಿ ಬೆಳೆದ ಕೂಸನ್ನು ಹೊರಗಿನ ಬಿಸಿಲು ಗಾಳಿಗೆ ಮೆಲ್ಲಮೆಲ್ಲನೆ ಒಗ್ಗಿಸಬೇಕು. ಈ ಹಂತದಲ್ಲೇ ಬಹಳಷ್ಟು ಗಿಡಗಳು ಸಾಯುವುದು.

ಈ ವಿದ್ಯೆಯನ್ನು ಮರಗಳಿಗೆ ಅನ್ವಯಿಸಿದವರಲ್ಲಿ ನಮ್ಮ ದೇಶದವರು ಮುಂದಿದ್ದರು. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಾಲಯದಲ್ಲಿ 1980ರ ಹೊತ್ತಿಗೆ ನೂರು ವರ್ಷದ ತೇಗದ ಮರಗಳಿಂದ ಸಸಿ ಮಾಡಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಲಕ್ಷ್ಮೀಸೀತಾ ಮತ್ತು ಸಂಗಡಿಗರು 1979ರಲ್ಲಿಯೇ ಶ್ರೀಗಂಧದ ಅಂಗಾಂಶದಿಂದ ಭ್ರೂಣದಂಥ ರಚನೆಗಳನ್ನೂ ಸಸಿಗಳನ್ನೂ ಪಡೆದ ವರದಿ ಪ್ರಕಟಿಸಿದರು. ದಿಲ್ಲಿ ವಿಶ್ವವಿದ್ಯಾಲಯದಲ್ಲಿ 1982ರಲ್ಲಿ ಬಿದಿರು ಹೀಗೆಯೇ ಮೊಳೆಯಿತು. ಹೀಗಿದ್ದೂ ನಮ್ಮ ಹಳ್ಳಿಗೆ ಅಂಗಾಂಶ ಕೃಷಿಯೆಂದರೆ ಇಂದಿಗೂ ಬಾಳೆಯೇ. ಬಾಳೆಯ ಕಂದು ಎಳೆಯ, ಮೆದು, ಚುರುಕಾದ ಅಂಗಾಂಶ. ಒಣಭೂಮಿಯ ಮುದಿ ಮರದ ಮೊಗ್ಗು ಹಾಗಲ್ಲ: ಅದರೊಳಗೆ ಶಿಲೀಂಧ್ರ ಅಡಗಿರುತ್ತದೆ, ಕತ್ತರಿಸಿದೊಡನೆ ಒಗರಿನ ರಸ ಒಸರಿ ಪಾಕವನ್ನೇ ಕಪ್ಪಾಗಿಸುತ್ತದೆ, ಕವಲೊಡೆಯಲು ನಿಧಾನಿಸುತ್ತದೆ. ಖರ್ಚು ಹೆಚ್ಚಾಗುವುದು ಇದರಿಂದಲೇ.

ಬಾಳೆಯ ಮಾತು ಬಂದದ್ದರಿಂದ ನಂಜನಗೂಡಿನ ರಸಬಾಳೆಯನ್ನು ನೆನೆಯಬೇಕು. ಭೌಗೋಳಿಕ ಗುರುತು ಪಡೆದ, ಮೈಸೂರಿನ ನೆರೆಯ ಈ ತಳಿ ಪನಾಮಾ ಸೊರಗು ರೋಗದಿಂದ ಅಳಿವಿನ ಅಂಚಿಗೆ ಬಂತು. ಅಂಗಾಂಶ ಕೃಷಿಯ ಗಿಡ ರೋಗಾಣು ಹೊತ್ತು ತರುವುದಿಲ್ಲ. ಅಷ್ಟರಮಟ್ಟಿಗೆ ಅದು ದೊಡ್ಡ ಉಪಕಾರ. ಆದರೆ ರೋಗವಿಲ್ಲದ ಗಿಡ ಬೇರೆ, ರೋಗವನ್ನು ತಡೆದುಕೊಳ್ಳುವ ಗಿಡ ಬೇರೆ. ಈ ಸೊರಗಿನ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿರಬಲ್ಲದು; ಸೀಸೆಯಿಂದ ಬಂದ ಶುದ್ಧ ಗಿಡವನ್ನು ಅದೇ ಮಣ್ಣಿಗಿಟ್ಟರೆ ಅದೂ ಸೊರಗುತ್ತದೆ. ಇದೇ ಸೊರಗು ರೋಗ 20ನೆಯ ಶತಮಾನದ ಮಧ್ಯಭಾಗದಲ್ಲಿ ಮಧ್ಯ ಅಮೆರಿಕದ ಗ್ರೋ ಮಿಷೆಲ್ ಬಾಳೆಯ ತೋಟಗಳನ್ನು ನೆಲಸಮ ಮಾಡಿತು. ಸಾವಿರಾರು ಎಕರೆಯಲ್ಲಿ ನಿಂತಿದ್ದದ್ದು ನಿಜಕ್ಕೂ ಒಂದೇ ಗಿಡವಾಗಿತ್ತು. ಒಂದಕ್ಕೆ ಬಂದದ್ದು ಎಲ್ಲಕ್ಕೂ ಬಂತು. ಬಾಳೆಯಾದರೆ ಮರುವರ್ಷ ಬೇರೆ ತಳಿ ಹಾಕಬಹುದು. ಮೂವತ್ತು ವರ್ಷ ಕಾದು ಬೆಳೆಸಿದ ಮರಕ್ಕೆ ಹೀಗಾದರೆ ರೈತನ ಆಯುಷ್ಯವೇ ಕಳೆದಿರುತ್ತದೆ.

ಮರಗಳಲ್ಲಿ ತದ್ರೂಪಿಯ ಕಥೆಯನ್ನು ಕರ್ನಾಟಕ ನೀಲಗಿರಿಯಲ್ಲಿ ಕಂಡಿದೆ. ನಂದಿಬೆಟ್ಟದ ಮರಗಳಿಂದ ಹಬ್ಬಿದ ನೀಲಗಿರಿಗೆ 'ಮೈಸೂರು ಗಮ್' ಎಂಬ ಹೆಸರೇ ಬಿತ್ತು. ಬೀಜದಿಂದ ಬಂದ ತೋಪುಗಳು ಒಂದೇ ಸಮನಾಗಿ ಬೆಳೆಯುವುದಿಲ್ಲವೆಂಬ ಕಾರಣಕ್ಕೆ ಕಾಗದದ ಉದ್ಯಮ ಕಡ್ಡಿಯಿಂದ ಮಾಡಿದ ತದ್ರೂಪಿಗಳತ್ತ ತಿರುಗಿತು. ಬ್ರೆಜಿಲ್ ದೇಶದಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಸಾಧಿಸಿದವರಿಗೆ 1984ರಲ್ಲಿ ಅರಣ್ಯ ವಿಜ್ಞಾನದ ವಾಲೆನ್‌ಬರ್ಗ್ ಪ್ರಶಸ್ತಿ ಸಂದಿತು. ಇಳುವರಿ ಏರಿದ್ದು ಸುಳ್ಳಲ್ಲ. ಆದರೆ ಯಾರ ಭೂಮಿಯಲ್ಲಿ, ಯಾರ ಪ್ರಯೋಜನಕ್ಕೆ ಎಂಬ ಪ್ರಶ್ನೆಗೆ ಆ ಇಳುವರಿಯಲ್ಲಿ ಉತ್ತರವಿರಲಿಲ್ಲ. ಅಂದು ಧಾರವಾಡ ಜಿಲ್ಲೆಯಲ್ಲಿದ್ದ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ಗೋಮಾಳದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೊ ಹಚ್ಚಿಕೊ' ಎಂಬ ಆ ಸತ್ಯಾಗ್ರಹ ಗಿಡದ ಆಯ್ಕೆಯೇ ರಾಜಕೀಯವೆಂದು ನಾಡಿಗೆ ಕಲಿಸಿತು. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ದಕ್ಷಿಣ ಭಾರತಕ್ಕೆ ಬಂದ ಎಲೆಗಂಟು ಕಣಜ ನೀಲಗಿರಿಯ ಸಸ್ಯಕ್ಷೇತ್ರಗಳಲ್ಲೂ ಎಳೆಯ ತೋಪುಗಳಲ್ಲೂ ಹಬ್ಬಿದಾಗ, ಕೆಲವು ತದ್ರೂಪಿಗಳು ತಡೆದುಕೊಂಡವು, ಕೆಲವು ಪೂರ್ತಿ ಕುಸಿದವು. ಕೊನೆಗೆ 2017ರಲ್ಲಿ ರಾಜ್ಯ ಸರಕಾರ ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ನಿಷೇಧಿಸಿತು.

ನೀಲಗಿರಿ ಹೊರಗಿನದು, ನಮ್ಮ ಮರಗಳಿಗೆ ಆ ಭಯವಿಲ್ಲ ಎನ್ನುವವರು ಹಾಲುವಾಣವನ್ನು ನೋಡಬೇಕು. ಕಾಫಿಗೆ ನೆರಳಾಗಿಯೂ ಮೆಣಸಿನ ಬಳ್ಳಿಗೆ ಆಸರೆಯಾಗಿಯೂ ಮಲೆನಾಡಿನಲ್ಲಿ ಗೂಟದಿಂದಲೇ ಬೆಳೆಸುತ್ತ ಬಂದ ಮರ ಅದು. 2004ರಲ್ಲಿ ಸಿಂಗಪುರ, ಮಾರಿಷಸ್ ಮುಂತಾದ ಕಡೆಗಳ ಮಾದರಿಗಳಿಂದ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಗಂಟುಕಣಜವೊಂದು ಕೆಲವೇ ವರ್ಷಗಳಲ್ಲಿ ದಕ್ಷಿಣ ಭಾರತಕ್ಕೂ ಬಂದು, ಎಲೆ ತೊಟ್ಟುಗಳನ್ನೆಲ್ಲ ಗಂಟಾಗಿಸಿ ಮರಗಳನ್ನು ಬೋಳಾಗಿಸಿತು. ಬೀಜದ ಗಿಡಗಳನ್ನೂ ಈ ಕೀಟ ಬಿಡುವುದಿಲ್ಲ ನಿಜ. ಆದರೆ ಬೀಜದ ಗಿಡಗಳ ಗುಂಪಿನಲ್ಲಿ ತಡೆದುಕೊಳ್ಳುವ ಒಂದೆರಡು ಹೊಮ್ಮುವ ಸಂಭವವಿರುತ್ತದೆ. ಒಂದೇ ಮರದ ಗೂಟಗಳ ಸಾಲಿನಲ್ಲಿ ಆ ಸಂಭವವೇ ಇರುವುದಿಲ್ಲ.

ಒಣಭೂಮಿಗೆ ಸಂಬಂಧಿಸಿದ ಇನ್ನೆರಡು ಮಾತುಗಳಿವೆ. ಮೊದಲನೆಯದು ಬೇರಿನದು. ಬೀಜದಿಂದ ಹುಟ್ಟಿದ ಹೊಂಗೆಯಾಗಲಿ ಹಿಪ್ಪೆಯಾಗಲಿ ಎಲೆ ಬಿಚ್ಚುವ ಮೊದಲೇ ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಕಾಂಡದ ತುಂಡಿಗೆ ತಾಯಿಬೇರಿಲ್ಲ. ಅದರ ಬೇರುಗಳು ಸುತ್ತಲೂ ಹರಡುತ್ತವೆ, ಕೆಲವು ಮಾತ್ರ ಮುಂದೆ ಕೆಳಗಿಳಿಯುತ್ತವೆ. ಕೆರೆಯ ಏರಿ, ತೋಟದ ಅಂಚು, ನೀರು ಕೊಡಬಹುದಾದ ರಸ್ತೆ ಬದಿ ಇಂಥಲ್ಲಿ ಇದು ಕೊರತೆಯಲ್ಲ. ಆದರೆ ನೀರು ಹೊರುವವರಿಲ್ಲದ ಬೆಟ್ಟದ ಇಳಿಜಾರಿನಲ್ಲಿ ಮೊದಲ ಎರಡು ಬೇಸಿಗೆಗಳೇ ಪರೀಕ್ಷೆ. ಅಲ್ಲಿ ಮಳೆಯ ಆರಂಭದಲ್ಲಿ ನೇರವಾಗಿ ಬೀಜ ಊರುವುದೇ ಹೆಚ್ಚು ಭದ್ರ. ಸಣ್ಣ ಚೀಲದಲ್ಲಿ ಬಹುಕಾಲ ಇದ್ದ ಸಸಿಯ ಬೇರು ಸುರುಳಿ ಸುತ್ತಿಕೊಂಡಿರುತ್ತದೆಯೆಂಬುದೂ ನೆನಪಿರಲಿ.

ಎರಡನೆಯದು ಪರಾಗದ ಮಾತು. ಹೊಂಗೆ, ಹುಣಸೆಗಳು ಬೇರೆ ಮರದ ಪರಾಗದಿಂದ ಚೆನ್ನಾಗಿ ಕಾಯಿಕಟ್ಟುವ ಮರಗಳು. ಒಂದೇ ತದ್ರೂಪಿಯ ತೋಪಿನಲ್ಲಿ ಎಲ್ಲವೂ ಒಂದೇ ಮರವಾದ್ದರಿಂದ ಹೂ ಹೇರಳವಾಗಿದ್ದೂ ಕಾಯಿ ಕಡಿಮೆಯಾಗಬಹುದು. ಬೀಡಿ ಎಲೆಯ ತುಮರಿಯಂಥ ಕೆಲವು ಮರಗಳಲ್ಲಿ ಪರಂಗಿಯಂತೆ ಗಂಡು ಹೆಣ್ಣು ಬೇರೆ ಬೇರೆ. ಗಂಡು ಮರದ ನೂರು ಕಡ್ಡಿ ನೂರು ಗಂಡು ಮರವೇ ಆಗುತ್ತದೆ. ಅಲ್ಲಿ ಹಣ್ಣೂ ಇಲ್ಲ, ಹಣ್ಣಿಗೆ ಬರುವ ಹಕ್ಕಿಯೂ ಇಲ್ಲ.

ಹಾಗಾದರೆ ಈ ವಿದ್ಯೆಗಳನ್ನು ದೂರವಿಡಬೇಕೆ? ಖಂಡಿತ ಇಲ್ಲ. ಬೀಜ ಸೋಲುವ ಕಡೆ ಕಡ್ಡಿಯೇ ಗೆಲ್ಲುತ್ತದೆ. ಬೇವಿನ ಬೀಜದ, ಹಿಪ್ಪೆಯ ಬೀಜದ ಮೊಳೆಯುವ ಶಕ್ತಿ ಕೆಲವೇ ವಾರಗಳಲ್ಲಿ ಕುಂದುತ್ತದೆ. ಹಣ್ಣಿನ ಕಾಲ ತಪ್ಪಿದರೆ ಒಂದು ವರ್ಷ ಕಾಯಬೇಕು. ಹುಣಸೆಯ ಬೀಜದ ಗಿಡ ಫಲ ಕೊಡಲು ಸಾಮಾನ್ಯವಾಗಿ 8–10 ವರ್ಷ ಬೇಕು, ಕಸಿಯ ಗಿಡಕ್ಕೆ ಅದರ ಅರ್ಧ ಕಾಲ ಸಾಕು. ಸಾಲದಲ್ಲಿರುವ ರೈತನಿಗೆ ಈ ವ್ಯತ್ಯಾಸ ಸಣ್ಣದಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಒಂದೇ ಒಂದಾಗಿ ಉಳಿದ ಮುದಿ ಮರ ಬೀಳುವ ಮೊದಲು ಅದರ ಗುಣವನ್ನು ಹಾಗೆಯೇ ಉಳಿಸಬೇಕಾದರೆ ಕಸಿ, ಕಡ್ಡಿ, ಅಂಗಾಂಶಗಳಲ್ಲದೆ ಬೇರೆ ದಾರಿಯಿಲ್ಲ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು ಸುಮಾರು 54 ಎಕರೆಯಷ್ಟಿದ್ದು, 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತು. ಅಂಥ ತೋಪಿಗೆ ಬೇಲಿ ಹಾಕಿದರೆ ಸಾಲದು, ಮರಗಳೂ ಮುಪ್ಪಾಗುತ್ತವೆ. ಪ್ರತಿ ಹಿರಿಯ ಮರದಿಂದಲೂ ಕೆಲವು ಕಸಿ ಗಿಡಗಳು ಬೇರೆಡೆ ಬೆಳೆದಾಗಲೇ ಪರಂಪರೆ ಎಂಬ ಮಾತಿಗೆ ಅರ್ಥ.

ಶ್ರೀಗಂಧದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಟಿಪ್ಪು ಸುಲ್ತಾನನ ಕಾಲದಲ್ಲಿ, 1792ರಲ್ಲಿ, ರಾಜವೃಕ್ಷವಾದ ಶ್ರೀಗಂಧ ಬಹುಕಾಲ ರೈತನಿಗೆ ತನ್ನ ಹೊಲದಲ್ಲಿದ್ದೂ ತನ್ನದಲ್ಲದ ಮರವಾಗಿತ್ತು. ಹಾಗಾಗಿ ಅದರ ಮೊಳಕೆ ಕಂಡರೆ ಸಂತೋಷಕ್ಕಿಂತ ಅಂಜಿಕೆಯೇ ಹೆಚ್ಚಾಗುತ್ತಿತ್ತು. 2001ರ ಕರ್ನಾಟಕ ಅರಣ್ಯ ತಿದ್ದುಪಡಿ ಕಾಯ್ದೆ ಜಮೀನಿನ ಒಡೆಯನೇ ಅದರಲ್ಲಿರುವ ಶ್ರೀಗಂಧದ ಒಡೆಯನೆಂದು ಹೇಳಿದ ಮೇಲೆ ಬೆಳೆಯುವ ಉತ್ಸಾಹ ಹೆಚ್ಚಿತು; ಅದರೊಡನೆ ಲಾಭದ ಆಸೆ ತೋರಿಸಿ ಸಸಿ ಮಾರುವವರೂ ಹೆಚ್ಚಿದರು. ಕೊಡಗಿನಲ್ಲಿ 1899ರಲ್ಲಿ ಮೊದಲು ದಾಖಲಾದ ಸ್ಪೈಕ್ ರೋಗ, ಎಲೆಗಳನ್ನು ಕುಗ್ಗಿಸಿ, ಕೊಂಬೆಯನ್ನು ಮುಳ್ಳಿನ ಕಡ್ಡಿಯಂತಾಗಿಸಿ ಮರವನ್ನು ಕೊಲ್ಲುತ್ತದೆ. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮಜೀವಿ ಇದರ ಕಾರಣ. ಕೀಟಗಳು ಇದನ್ನು ಮರದಿಂದ ಮರಕ್ಕೆ ಒಯ್ಯುತ್ತವೆ. ರೋಗ ಹೊತ್ತ ತಾಯಿಯಿಂದ ತೆಗೆದ ಕಡ್ಡಿ, ಕಸಿ, ಅಂಗಾಂಶ ಎಲ್ಲವೂ ರೋಗ ಹೊತ್ತಿರಬಹುದು. ಆದುದರಿಂದ ತಾಯಿಮರವನ್ನು ಪರೀಕ್ಷಿಸಿದ ದಾಖಲೆಯಿಲ್ಲದ ಶ್ರೀಗಂಧದ ತದ್ರೂಪಿಯನ್ನು ಯಾರೂ ಕೊಳ್ಳಬಾರದು. ಬೇರೆ ಗಿಡದ ಬೇರಿನಿಂದ ಆಹಾರ ಪಡೆಯುವ ಈ ಮರಕ್ಕೆ ತೊಗರಿ, ಹೊಂಗೆಯಂಥ ಆಸರೆಯ ಗಿಡ ಜೊತೆಗಿರಲೇಬೇಕು. ಆಸರೆಯ ಗಿಡವಿಲ್ಲದೆ ಒಂಟಿಯಾಗಿ ನೆಟ್ಟರೆ ಎಂಥ ಉತ್ತಮ ಸಸಿಯೂ ಏಳಿಗೆಯಾಗದು.

ಈಗ ಅಧಿಕಾರದ ಪ್ರಶ್ನೆ. ತಾಯಿಮರ ಹಳ್ಳಿಯದು, ಪ್ರಯೋಗಾಲಯ ಪಟ್ಟಣದ್ದು. ಬೆಟ್ಟದ ಹಳ್ಳಿಯೊಂದರ ಹುಣಸೆಯೋ ನೆಲ್ಲಿಯೋ ಅಸಾಧಾರಣವೆಂದು ತಿಳಿದು ಯಾರೋ ಒಂದು ಹಿಡಿ ಕಡ್ಡಿ ಒಯ್ದರೆ, ಆಮೇಲೆ ಆ ಹಳ್ಳಿಯವರೇ ಆ ಗಿಡವನ್ನು ಹಣ ಕೊಟ್ಟು ಕೊಳ್ಳಬೇಕಾಗಬಹುದು. ಇದಕ್ಕೆ ಬೇರೆ ದಾರಿಯೂ ಇದೆಯೆಂದು ತುಮಕೂರು ಜಿಲ್ಲೆಯ ಚೇಳೂರಿನ 'ಸಿದ್ದು' ಹಲಸು ತೋರಿಸಿಕೊಟ್ಟಿದೆ. ರೈತ ಎಸ್.ಎಸ್. ಪರಮೇಶ ಅವರ ಜಮೀನಿನ ಆ ಒಂದು ಮರದ ಕಸಿ ಗಿಡಗಳನ್ನು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಹಿರೇಹಳ್ಳಿ ಕೇಂದ್ರ ಮಾಡಿಕೊಟ್ಟಿತು. 2017ರ ಒಪ್ಪಂದದಂತೆ ಮಾರಾಟದ ಆದಾಯದಲ್ಲಿ ಶೇ. 75 ರೈತರಿಗೆ, ಶೇ. 25 ಸಂಸ್ಥೆಗೆ. ಮರವನ್ನು ಕಡಿಯದೆ ಉಳಿಸಿಕೊಂಡ ಕುಟುಂಬಕ್ಕೆ ಸಂದ ನ್ಯಾಯ ಇದು.

ಒಬ್ಬ ರೈತನ ಮರಕ್ಕೆ ಒಪ್ಪಂದ ಸಾಧ್ಯವಾದರೆ ಊರಿನ ಮರಕ್ಕೂ ಸಾಧ್ಯವಾಗಬೇಕು. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆನ್ನುತ್ತದೆ; ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದು ಆ ಸಮಿತಿಯ ಕೆಲಸ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಪಡೆದರು. ಕಾಡಿನ ಮರದಿಂದ ಕಡ್ಡಿ ತೆಗೆಯುವ ಮೊದಲು ಗ್ರಾಮಸಭೆಯನ್ನು ಕೇಳಬೇಕೆಂಬ ವಾಡಿಕೆಯನ್ನು ಈ ಕಾನೂನುಗಳ ಬಲದಿಂದ ನಾವೇ ರೂಢಿಸಬೇಕು. ದಾಖಲೆಯಲ್ಲಿಲ್ಲದ ಮರವನ್ನು ಯಾರು ಬೇಕಾದರೂ ತಮ್ಮದೆನ್ನಬಹುದು.

ಇವೆಲ್ಲವನ್ನೂ ಮನಸ್ಸಿನಲ್ಲಿಟ್ಟು ಓದುಗರ ಮುಂದೆ ಕೆಲವು ಸಲಹೆಗಳನ್ನಿಡುತ್ತೇವೆ. ಒಂದು, ಪ್ರತಿ ಹಳ್ಳಿಯೂ ತನ್ನ ತಾಯಿಮರಗಳ ಪಟ್ಟಿ ಮಾಡಲಿ: ಮರದ ಹೆಸರು, ನಿಂತ ಸ್ಥಳ, ಹೂ ಕಾಯಿಯ ಕಾಲ, ಬರದ ವರ್ಷದಲ್ಲಿ ಅದು ನಡೆದುಕೊಂಡ ರೀತಿ. ಅಜ್ಜ ಅಜ್ಜಿಯರು ಹೇಳಿದ್ದನ್ನು ಶಾಲೆಯ ಮಕ್ಕಳು ಬರೆದುಕೊಳ್ಳಲಿ. ಪಟ್ಟಿ ಪಂಚಾಯಿತಿಯ ದಾಖಲಾತಿಗೆ ಸೇರಲಿ. ಎರಡು, ಬೆಟ್ಟದ ಇಳಿಜಾರಿಗೆ ಬೀಜ, ರಸ್ತೆ ಮತ್ತು ಏರಿಗೆ ಗೂಟ, ಹೊಲದ ಬದುವಿಗೆ ಕಸಿ, ಅಳಿವಿನಂಚಿನ ಒಂಟಿ ಮರಕ್ಕೆ ಅಂಗಾಂಶ ಕೃಷಿ ಎಂಬ ವಿವೇಕವಿರಲಿ. ಮೂರು, ಕಡ್ಡಿಯಿಂದ ತೋಪು ಮಾಡುವುದಾದರೆ ಒಂದೇ ಮರದಿಂದ ಎಂದಿಗೂ ಬೇಡ; ಒಂದರಿಂದೊಂದು ದೂರವಿರುವ ಇಪ್ಪತ್ತಕ್ಕೆ ಕಡಿಮೆಯಿಲ್ಲದ ತಾಯಿಮರಗಳಿಂದ ತಂದು ಕಲಸಿ ನೆಡೋಣ, ನಡುನಡುವೆ ಬೀಜದ ಗಿಡಗಳೂ ಇರಲಿ. ನಾಲ್ಕು, ತದ್ರೂಪಿ ಸಸಿ ಮಾರುವವರು, ಸರಕಾರಿ ಸಸ್ಯಕ್ಷೇತ್ರವೇ ಆಗಲಿ ಖಾಸಗಿಯವರೇ ಆಗಲಿ, ತಾಯಿಮರದ ಊರನ್ನೂ ಪರೀಕ್ಷೆಯ ವಿವರವನ್ನೂ ಚೀಟಿಯಲ್ಲಿ ಬರೆದುಕೊಡಬೇಕೆಂದು ಒತ್ತಾಯಿಸೋಣ.

ವಿದ್ಯಾರ್ಥಿಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಅಂಗಾಂಶ ಕೃಷಿಯ ಸೀಸೆ ನಿಮ್ಮ ಶಾಲೆಯಲ್ಲಿರಲಾರದು. ಆದರೆ ಒಂದು ಪಾತಿ, ಒಂದು ಮೂಟೆ ಮರಳು, ಒಂದು ನೋಟ್‌ಪುಸ್ತಕ ಇರಬಲ್ಲವು. ಹತ್ತು ಹೊಂಗೆ ಮರಗಳಿಂದ ತಲಾ ಹತ್ತು ಕಡ್ಡಿ, ಅದೇ ಮರಗಳಿಂದ ತಲಾ ಹತ್ತು ಬೀಜ ತನ್ನಿ. ಮರದ ಗುರುತಿನೊಡನೆ ಸಾಲಾಗಿ ಊರಿ. ಎಷ್ಟು ಬೇರೂರಿದವು, ಎಷ್ಟು ಮೊಳೆತವು, ಮೊದಲ ಬೇಸಿಗೆಯ ನಂತರ ಎಷ್ಟು ಉಳಿದವು, ಎರಡನೆಯ ಬೇಸಿಗೆಯ ನಂತರ ಎಷ್ಟು ಎಂದು ಬರೆಯುತ್ತ ಹೋಗಿ. ಎರಡು ವರ್ಷದ ಕೊನೆಗೆ ನಿಮ್ಮ ಕೈಯಲ್ಲಿ ನಿಮ್ಮ ಊರಿನ ಮಣ್ಣಿನದೇ ಆದ ಅರಿವು ಇರುತ್ತದೆ. ಸತ್ತ ಗಿಡಗಳ ಲೆಕ್ಕವನ್ನೂ ಮುಚ್ಚಿಡದೆ ಬರೆಯಿರಿ. ನೆಟ್ಟ ಗಿಡಗಳ ಸಂಖ್ಯೆ ವರದಿಗೆ ಸಾಕಾಗಬಹುದು, ಕಾಡಿಗೆ ಬೇಕಾದದ್ದು ಉಳಿದ ಗಿಡಗಳ ಸಂಖ್ಯೆ.

ಕಡ್ಡಿಯಿಂದ ಗಿಡ ಮಾಡುವ ಕೈಚಳಕ ಯಾರಾದರೂ ಕಲಿಯಬಹುದು. ಯಾವ ಮರದ ಕಡ್ಡಿ ಎಂದು ತೀರ್ಮಾನಿಸುವ ತಿಳಿವು ಆ ಮರದ ನೆರಳಿನಲ್ಲಿ ಬದುಕಿದವರಲ್ಲಿ ಮಾತ್ರ ಇದೆ. ಆ ತಿಳಿವು ಹಿರಿಯರೊಡನೆ ಮರೆಯಾಗುವ ಮೊದಲು, ಆ ಮರಗಳು ಬದುವಿನೊಡನೆ ಉರುಳುವ ಮೊದಲು, ಈ ಮಳೆಗಾಲದಲ್ಲಿಯೇ ಪಟ್ಟಿಯನ್ನು ಆರಂಭಿಸೋಣ. ನಿಮ್ಮ ಹಳ್ಳಿಯ ಮೊದಲ ಹತ್ತು ತಾಯಿಮರಗಳ ವಿವರ ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.